ಮುಸುಕು, ಮತಗಟ್ಟೆ ಮತ್ತು ದೆಹಲಿಯ ಮೇಲಿನ ಸಿಟ್ಟು

ಪ್ರಶ್ನೆ: ನಾನು ಚಿತ್ರದುರ್ಗದವನು, ವಯಸ್ಸು 61. ಮತದಾನದ ಹಕ್ಕು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಯಾವ ಪಕ್ಷ ಬಂದರೂ ಭದ್ರೆಯ ನೀರು ಬರಲಿಲ್ಲ, ನೇರ ರೈಲು ಬರಲಿಲ್ಲ. ಸಂಸತ್ತು ಸೇರಿದರೆ ಗದ್ದಲ, ಟಿ.ವಿ. ಹಾಕಿದರೆ ಜಗಳ. ನನಗೆ ರಾಷ್ಟ್ರ ರಾಜಕಾರಣದ ಮೇಲಿನ ನಂಬಿಕೆಯೇ ಹೊರಟುಹೋಗಿದೆ. ಇನ್ನೊಂದು ಮಾತನ್ನು ಸಂಕೋಚದಿಂದಲೇ ಕೇಳುತ್ತೇನೆ. ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ, ಕಣ್ಣೊಂದು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡ ಹೆಣ್ಣುಮಕ್ಕಳು ಪಕ್ಕದಲ್ಲಿ ನಿಂತರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹಿಜಾಬ್ ತೀರ್ಪು ಬಂದ ಮೇಲೂ ಇದು ಹೇಗೆ ನಡೆಯುತ್ತಿದೆ? ಫ್ರಾನ್ಸ್ ನಿಷೇಧಿಸಿರುವಾಗ ನಮ್ಮಲ್ಲಿ ಏಕೆ ಕಾನೂನಿಲ್ಲ? ಮುಂದಿನ ಚುನಾವಣೆಯಲ್ಲಿ ಬೂತ್ ಏಜೆಂಟ್ ಆಗಿ ಕೂರಲು ನಮ್ಮ ಓಣಿಯವರು ಕೇಳಿದ್ದಾರೆ. ಆಗ ಮುಸುಕು ತೆಗೆಸುವ ಹಕ್ಕು ನನಗಿರುತ್ತದೆಯೇ? ಹೀಗೆ ಕೇಳುವುದೇ ತಪ್ಪೇ?

ಉತ್ತರ: ಕೇಳುವುದು ತಪ್ಪಲ್ಲ. ಬೂತ್ ಏಜೆಂಟ್ ಕುರಿತ ನಿಮ್ಮ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ನಿಯಮದಲ್ಲಿ ನೇರ ಉತ್ತರವಿದೆ. ದಾವಣಗೆರೆಯಲ್ಲಿ ಬಹುಕಾಲ ರಾಜ್ಯಶಾಸ್ತ್ರ ಕಲಿಸಿ, ಚುನಾವಣೆ ಬಂದಾಗಲೆಲ್ಲ ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ ಪಡೆದು ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಹೋಗಿ ಬಂದವಳಾದ್ದರಿಂದ ಇದನ್ನು ಪುಸ್ತಕದ ಆಧಾರದ ಮೇಲಷ್ಟೇ ಹೇಳುತ್ತಿಲ್ಲ.

ಮುಸುಕು ತೆಗೆಸುವ ಹಕ್ಕು ಏಜೆಂಟರಿಗಿಲ್ಲ, ಅಭ್ಯರ್ಥಿಗೂ ಇಲ್ಲ. ಹಾಗೆಯೇ, ಗುರುತು ಖಚಿತವಾಗದೆ ಮತ ಹಾಕಿಸುವ ಅಧಿಕಾರ ಅಧ್ಯಕ್ಷಾಧಿಕಾರಿಗೂ ಇಲ್ಲ. ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಅನ್ವಯಿಸುವ 1961ರ ನಿಯಮಗಳಿಂದ ಇವೆರಡೂ ತಿಳಿಯುತ್ತವೆ. ಮಹಿಳಾ ಮತದಾರರಿಗೆ ನೆರವಾಗಲು ಮಹಿಳೆಯೊಬ್ಬರನ್ನು ಮತಗಟ್ಟೆಗೆ ನೇಮಿಸಿಕೊಳ್ಳಬಹುದು. ಯಾರದಾದರೂ ಗುರುತಿನ ಬಗ್ಗೆ ನಿಮಗೆ ಅನುಮಾನ ಬಂದರೆ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪ ಸಲ್ಲಿಸಬಹುದು. ಆಗ ಅಧ್ಯಕ್ಷಾಧಿಕಾರಿ ಅಲ್ಲಿಯೇ ಸಂಕ್ಷಿಪ್ತ ವಿಚಾರಣೆ ನಡೆಸುತ್ತಾರೆ. ಆ ವ್ಯಕ್ತಿ ಬೇರೆಯವರೆಂದು ತೋರಿಸಿಕೊಡುವ ಹೊಣೆ ನಿಮ್ಮದು. ತೋರಿಸಲಾಗದಿದ್ದರೆ ಮತ ಹಾಕಲು ಬಿಡುತ್ತಾರೆ, ಆಕ್ಷೇಪವು ಸದುದ್ದೇಶದ್ದಲ್ಲವೆಂದು ಕಂಡುಬಂದರೆ ಠೇವಣಿಯನ್ನೂ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ. ಇದು ಕಾಗದದ ಮೇಲಿನ ಮಾತಲ್ಲ. 2024ರ ಮೇ 13ರಂದು ಹೈದರಾಬಾದ್‌ನಲ್ಲಿ ಅಭ್ಯರ್ಥಿಯೊಬ್ಬರು ಮತಗಟ್ಟೆಯೊಳಗೆ ಹೋಗಿ ಬುರ್ಖಾ ಧರಿಸಿದ್ದ ಮಹಿಳೆಯರ ಮುಸುಕು ಸರಿಸಲು ಹೇಳಿ, ತಾವೇ ಕಾರ್ಡು ತಾಳೆ ನೋಡಿದಾಗ ಅವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು.

ಹಾಗಾದರೆ ಮುಖ ನೋಡುವವರು ಯಾರು, ಹೇಗೆ? ಅಧ್ಯಕ್ಷಾಧಿಕಾರಿಗಳಿಗೆ ಚುನಾವಣಾ ಆಯೋಗ ಕೊಡುವ ಕೈಪಿಡಿಯಲ್ಲಿ ಇದಕ್ಕೊಂದು ಸೂಚನೆ ಇದೆ, ಅದನ್ನು ಮೊದಲ ಸಲ ಓದಿದಾಗ ನನಗೆ ತುಂಬ ಸಂತೋಷವಾಗಿತ್ತು. ಮುಖ ಮುಚ್ಚುವ ಮಹಿಳೆಯರು ಹೆಚ್ಚಾಗಿರುವ ಮತಗಟ್ಟೆಯಲ್ಲಿ ಅವರ ಮರ್ಯಾದೆಗೆ ಕುಂದು ಬಾರದಂತೆ ಪ್ರತ್ಯೇಕ ಮರೆಯೊಂದನ್ನು ಮಾಡಿ, ಅಲ್ಲಿ ಮಹಿಳಾ ಅಧಿಕಾರಿ ಗುರುತು ನೋಡಬೇಕು. ಅದಕ್ಕೆ ಖರ್ಚು ಮಾಡಬೇಕಾಗಿಲ್ಲ, ಸ್ಥಳದಲ್ಲೇ ಸಿಗುವ ಮಂಚ, ಬೆಡ್‌ಶೀಟ್ ಇಂಥವನ್ನು ಬಳಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಇಷ್ಟು ದೊಡ್ಡ ದೇಶದ ಚುನಾವಣಾ ವ್ಯವಸ್ಥೆ ಒಂದು ಬೆಡ್‌ಶೀಟಿನ ಬಗ್ಗೆಯೂ ಯೋಚಿಸಿದೆ ಎಂಬುದು ಸಣ್ಣ ಸಂಗತಿಯಲ್ಲ.

ಹಳೆ ದಾವಣಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾವು ಹಾಗೆಯೇ ಮಾಡಿದ್ದೆವು. ತರಗತಿಯ ಮೂಲೆಯಲ್ಲಿ ಎರಡು ಬೆಂಚುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಕಿಟಕಿಯ ಸರಳಿನಿಂದ ನಕ್ಷೆ ತೂಗುಹಾಕುವ ಮೊಳೆಯವರೆಗೆ ನನ್ನ ಹೊದಿಕೆಯನ್ನೇ ಕಟ್ಟಿದೆವು. ನಮ್ಮ ತಂಡದಲ್ಲಿದ್ದ ಅಂಗನವಾಡಿ ಕಾರ್ಯಕರ್ತೆ ಒಳಗೆ ನಿಂತರು. ಬಂದವರು ಮರೆಗೆ ಹೋಗಿ ನಖಾಬಿನ ಗಂಟು ಸಡಿಲಿಸುತ್ತಿದ್ದರು, ಆಕೆ ಕಾರ್ಡಿನ ಫೋಟೊ ಮತ್ತು ಮುಖವನ್ನು ಒಮ್ಮೆ ನೋಡಿ "ಸರಿ ಇದೆ ಮೇಡಂ" ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಹತ್ತು ಸೆಕೆಂಡು ಹಿಡಿದಿರಬೇಕು. ಆಮೇಲೆ ಎಡಗೈಯ ತೋರುಬೆರಳಿಗೆ ಮೈಸೂರಿನ ಕಾರ್ಖಾನೆಯಿಂದ ಬಂದ ಅದೇ ಶಾಯಿ, ಮತದಾರರ ಸಹಿ ಪಡೆಯುವ ಅದೇ 17ಎ ರಿಜಿಸ್ಟರ್, ಅದೇ ಯಂತ್ರ. ಸಂಜೆಯವರೆಗೆ ಒಂದು ಆಕ್ಷೇಪವೂ ಬರಲಿಲ್ಲ. ಏಜೆಂಟರು ಎಲ್ಲ ಪಕ್ಷಗಳವರೂ ಇದ್ದರು.

ಇನ್ನೊಂದು ಚುನಾವಣೆಯಲ್ಲಿ ನಾನು ತಪ್ಪು ಮಾಡಿದೆ. ಆ ಮತಗಟ್ಟೆಯಲ್ಲಿ ಮುಸುಕಿನವರು ಹತ್ತು ಮಂದಿಯೂ ಇರಲಿಕ್ಕಿಲ್ಲವೆಂದು ಮರೆಯನ್ನು ಕಟ್ಟಿಸಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಸಾಲು ಬಾಗಿಲಾಚೆಗೂ ಬೆಳೆದಿದ್ದಾಗ ಒಬ್ಬ ಹುಡುಗಿ ತನ್ನ ಅತ್ತೆಯ ಜೊತೆ ಒಳಗೆ ಬಂದಳು. ಏಜೆಂಟರೊಬ್ಬರು ಕುಳಿತಲ್ಲಿಂದಲೇ "ಮುಖ ತೋರ್ಸಾಕೆ ಹೇಳ್ರಿ ಮೇಡಂ, ಯಾರಂತ ಗೊತ್ತಾಗದು ಹೆಂಗೆ?" ಎಂದು ಗಟ್ಟಿಯಾಗಿ ಕೂಗಿದರು. ಸಾಲಿನಲ್ಲಿದ್ದ ಗಂಡಸರೆಲ್ಲ ಕತ್ತು ಚಾಚಿ ನೋಡಿದರು. ನಾನು ಎದ್ದು ಬರುವಷ್ಟರಲ್ಲಿ ಆ ಹುಡುಗಿ ಕೈಯಲ್ಲಿದ್ದ ಚೀಟಿಯನ್ನು ಮಡಚಿ, ಮತ್ತೆ ಮಡಚಿ, ಅಂಗೈಯಲ್ಲಿ ಇಟ್ಟುಕೊಂಡು ಹಿಂದಕ್ಕೆ ತಿರುಗಿದಳು. ಅತ್ತೆಯೂ ಅವಳ ಹಿಂದೆ ಹೋದರು. ಸಂಜೆ ಆರರವರೆಗೂ ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ, ಅವರು ಬರಲಿಲ್ಲ. ಮತ ಹಾಕದೆ ಬಾಗಿಲಿನಿಂದಲೇ ವಾಪಸು ಹೋದವರ ಲೆಕ್ಕ ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ಆ ಏಜೆಂಟರು ಕೆಟ್ಟವರಾಗಿರಲಿಲ್ಲ, ಅವರು ಕೇಳಿದ್ದರಲ್ಲಿ ಅನ್ಯಾಯವೂ ಇರಲಿಲ್ಲ. ಮರೆ ಕಟ್ಟಿಸದೆ ಇದ್ದವಳು ನಾನು.

ಈಗ ಹಿಜಾಬ್ ತೀರ್ಪಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಪತ್ರದಲ್ಲಿ ಒಂದು ಗೊಂದಲವಿದೆ, ಮತ್ತು ಅದು ನಿಮ್ಮೊಬ್ಬರದಲ್ಲ. ಹಿಜಾಬ್ ಎಂದರೆ ತಲೆಗೂದಲು ಮತ್ತು ಕುತ್ತಿಗೆಯನ್ನು ಮುಚ್ಚುವ ವಸ್ತ್ರ, ಅದರಲ್ಲಿ ಮುಖ ಪೂರ್ತಿ ಕಾಣುತ್ತದೆ. ಕಣ್ಣು ಮಾತ್ರ ಬಿಟ್ಟು ಮುಖ ಮುಚ್ಚುವುದು ನಖಾಬ್. ಮೈಯೆಲ್ಲ ಮುಚ್ಚುವ ಉಡುಪಿಗೆ ನಮ್ಮ ಕಡೆ ಬುರ್ಖಾ ಎನ್ನುತ್ತಾರೆ. ಅದರ ಮೇಲೆ ಕೆಲವರು ಮುಖ ಮುಚ್ಚುತ್ತಾರೆ, ಹಲವರು ಮುಚ್ಚುವುದಿಲ್ಲ. ಉಡುಪಿಯಲ್ಲಿ 2021ರ ಕೊನೆಯಲ್ಲಿ ಆರಂಭವಾದ ವಿವಾದ ತಲೆವಸ್ತ್ರದ್ದು. ಸಮವಸ್ತ್ರದ ಕುರಿತ 2022ರ ಫೆಬ್ರುವರಿ 5ರ ಸರ್ಕಾರಿ ಆದೇಶವನ್ನು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದೇ ವರ್ಷದ ಮಾರ್ಚ್ 15ರಂದು ಎತ್ತಿಹಿಡಿಯಿತು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತ ಅವರು ಮೇಲ್ಮನವಿಗಳನ್ನು ತಳ್ಳಿಹಾಕಿದರು, ನ್ಯಾ. ಸುಧಾಂಶು ಧುಲಿಯಾ ಅವರು ಪುರಸ್ಕರಿಸಿದರು. ಹೀಗಾಗಿ ವಿಷಯವನ್ನು ಸೂಕ್ತ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಅಂದರೆ ಆ ಪ್ರಕರಣವಿದ್ದದ್ದು ತರಗತಿಯ ಸಮವಸ್ತ್ರದ ಬಗ್ಗೆ. ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಯಾರು ಏನು ಧರಿಸಬೇಕೆಂದು ಯಾವ ನ್ಯಾಯಾಲಯವೂ ಅದರಲ್ಲಿ ಹೇಳಿಲ್ಲ. ಆ ವರ್ಷದ ಫೆಬ್ರುವರಿ 8ರಂದು ಹರಿಹರದ ಕಾಲೇಜಿನ ಬಳಿ ಕಲ್ಲು ತೂರಾಟ ನಡೆದು, ಹರಿಹರ, ದಾವಣಗೆರೆ ಎರಡೂ ಊರುಗಳಲ್ಲಿ ನಿಷೇಧಾಜ್ಞೆ ಜಾರಿಯಾಗಿ, ರಾಜ್ಯದಾದ್ಯಂತ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ಮೂರು ದಿನ ಬಾಗಿಲು ಹಾಕಿದಾಗ, ಜಗಳಕ್ಕೆ ನಿಂತವರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ತಿಳಿದಿತ್ತೋ ಕಾಣೆ.

ಗುರುತು ನಿಜಕ್ಕೂ ಬೇಕಾದ ಕಡೆಗಳಲ್ಲಿ ಮುಖ ತೋರಿಸಬೇಕೆಂಬುದನ್ನು ನಮ್ಮ ವ್ಯವಸ್ಥೆ ಈಗಾಗಲೇ ಒಪ್ಪಿದೆ. ಪಾಸ್‌ಪೋರ್ಟಿನ ಫೋಟೊದಲ್ಲಿ ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿದ್ದರೆ ನಡೆಯುತ್ತದೆ, ಆದರೆ ಗಲ್ಲದಿಂದ ಹಣೆಯವರೆಗೆ ಮುಖ ಕಾಣಬೇಕು. ಮತದಾರರ ಪಟ್ಟಿಗೆ ಮುಖದ ಫೋಟೊ ಕೊಡಲಾರೆವು ಎಂಬ ವಾದವನ್ನು ಮದ್ರಾಸ್ ಹೈಕೋರ್ಟ್ 2006ರಲ್ಲೇ ತಳ್ಳಿಹಾಕಿತು. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಲೆವಸ್ತ್ರದಲ್ಲಿ ಬರುವ ಹುಡುಗಿಯರು ಮೊದಲೇ ಬಂದು ಮಹಿಳಾ ಸಿಬ್ಬಂದಿಯಿಂದ ತಪಾಸಣೆ ಮಾಡಿಸಿಕೊಳ್ಳಲಿ ಎಂದು ಕೇರಳ ಹೈಕೋರ್ಟ್ 2015ರಲ್ಲಿ ಮತ್ತು 2016ರಲ್ಲಿ ಹೇಳಿತು. ಬ್ಯಾಂಕಿನ ಕೌಂಟರಿನಲ್ಲಿ ಸಹಿ ಹೊಂದದಿದ್ದಾಗ, ಲಾಕರ್ ತೆರೆಯುವಾಗ ಮುಖ ತೋರಿಸಿ ಎಂದು ಕೇಳುವುದು ಸಿಬ್ಬಂದಿಯ ಕರ್ತವ್ಯ, ಮತ್ತು ನಾನು ಕಂಡಂತೆ ಹೆಣ್ಣುಮಕ್ಕಳು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಕೇಳುವವರು ಕೌಂಟರಿನ ಒಳಗಿರುವವರು. ಸಾಲಿನಲ್ಲಿ ನಿಂತ ನಾವು ನೀವು ಅಲ್ಲ.

ಸಾಲಿನಲ್ಲಿ ನಿಂತ ನಮಗೆ ಪಕ್ಕದವರ ಗುರುತು ಏಕೆ ಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಗುವುದಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣವನ್ನು ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಪ್ರಕಾರ ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯಸಮ್ಮತವಾದ ಉದ್ದೇಶವಿರಬೇಕು, ಮತ್ತು ಕೈಹಾಕುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಕೌಂಟರಿನಲ್ಲಿ ಹತ್ತು ಸೆಕೆಂಡು ಮುಖ ತೋರಿಸುವುದರಿಂದ ಉದ್ದೇಶ ಈಡೇರುವಾಗ, ಇಡೀ ಬೀದಿಯಲ್ಲಿ ಮುಖ ತೆರೆದೇ ನಡೆಯಬೇಕೆಂದು ಹೇಳುವ ಕಾನೂನು ಈ ಮೂರನೆಯ ಒರೆಗಲ್ಲಿನಲ್ಲಿ ನಿಲ್ಲುವುದು ಕಷ್ಟ ಎಂದು ನನ್ನ ಅಭಿಪ್ರಾಯ.

ಅಂಥ ಕಾನೂನನ್ನು ಬರೆಯುವುದೂ ಸುಲಭವಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಒಮ್ಮೆ ಹೋಗಿ ನೋಡಿ. ಹೊಗೆ ಮತ್ತು ಹೊಟ್ಟಿನ ಧೂಳಿನಲ್ಲಿ ಗಂಡಸು ಹೆಂಗಸೆನ್ನದೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದುಡಿಯುವುದನ್ನು ಕಾಣುತ್ತೀರಿ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟಿ ಓಡಿಸುವ ಕಾಲೇಜು ಹುಡುಗಿಯರು ವೇಲನ್ನು ಕಣ್ಣಷ್ಟೇ ಕಾಣುವಂತೆ ಸುತ್ತಿಕೊಳ್ಳುತ್ತಾರೆ. ಬಟ್ಟೆ ಅಂಗಡಿಗಳ ಬೀದಿಯಲ್ಲಿ ರಾಜಸ್ಥಾನದಿಂದ ಬಂದು ನೆಲೆಸಿದ ಮನೆಗಳ ಸೊಸೆಯರು ಹಿರಿಯರ ಎದುರು ಸೆರಗನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. 2020ರಲ್ಲಂತೂ ಮುಖ ಮುಚ್ಚದೆ ಹೊರಗೆ ಬಂದರೆ ದಂಡ ಬೀಳುತ್ತಿತ್ತು. ನಗರದಲ್ಲಿ 250 ರೂಪಾಯಿ, ಹಳ್ಳಿಗಳಲ್ಲಿ 100 ರೂಪಾಯಿ ಎಂದು ಆ ಅಕ್ಟೋಬರಿನಲ್ಲಿ ನಿಗದಿಯಾಗಿತ್ತು. ಆಗ ನಾವೆಲ್ಲ ಮಾಸ್ಕ್ ಹಾಕಿಕೊಂಡೇ ದಿನಸಿ ತಂದೆವು, ಬ್ಯಾಂಕಿಗೆ ಹೋದೆವು, ಕಣ್ಣು ಮತ್ತು ನಡಿಗೆಯಿಂದಲೇ ಪರಿಚಿತರನ್ನು ಗುರುತಿಸಿದೆವು. ಇವರನ್ನೆಲ್ಲ ಬಿಟ್ಟು ಒಬ್ಬರನ್ನು ಮಾತ್ರ ಹಿಡಿಯುವ ಕಾನೂನನ್ನು ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೇ ವಿಧಿಯ ಎದುರು ಯಾರು ಸಮರ್ಥಿಸುತ್ತಾರೆ?

ಫ್ರಾನ್ಸಿನ ವಿಷಯ. ಅಲ್ಲಿ 2010ರ ಅಕ್ಟೋಬರಿನಲ್ಲಿ ಕಾನೂನಾಯಿತು, 2011ರ ಏಪ್ರಿಲ್ 11ರಿಂದ ಜಾರಿಗೆ ಬಂತು, ದಂಡ 150 ಯೂರೊವರೆಗೆ. ಆರು ಕೋಟಿಗೂ ಹೆಚ್ಚು ಜನರಿರುವ ಆ ದೇಶದಲ್ಲಿ ಮುಖ ಮುಚ್ಚುತ್ತಿದ್ದ ಮಹಿಳೆಯರು ಆಗ ಸುಮಾರು 1,900 ಎಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ಆ ಕಾನೂನನ್ನು ಉಳಿಸಿತು, ನಿಜ. ಆದರೆ ಭದ್ರತೆಗಾಗಿ ಇಂಥ ಸಾರಾಸಗಟು ನಿಷೇಧ ಬೇಕೆಂಬ ವಾದವನ್ನು ಅದು ಒಪ್ಪಲಿಲ್ಲ, ಜನ ಒಟ್ಟಾಗಿ ಬಾಳಲು ಮುಖ ಕಾಣಬೇಕೆಂಬ ಅಲ್ಲಿಯ ಸಮಾಜದ ಆಯ್ಕೆಯನ್ನಷ್ಟೇ ಮಾನ್ಯ ಮಾಡಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2018ರಲ್ಲಿ ಇದಕ್ಕೆ ವಿರುದ್ಧವಾದ ನಿಲುವನ್ನು ತಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ 2021ರಲ್ಲಿ ಜನಮತಗಣನೆಯೇ ನಡೆದು ಶೇ 51.2ರಷ್ಟು ಮಂದಿ ನಿಷೇಧದ ಪರ ನಿಂತರು. ಆ ದೇಶಗಳು ತಮ್ಮ ಚರಿತ್ರೆಗೆ ತಕ್ಕಂತೆ ನಡೆದುಕೊಂಡಿವೆ, ನಮ್ಮ ಚರಿತ್ರೆ ಬೇರೆ.

ನಿಮ್ಮ ಪತ್ರದ ಎರಡು ಎಳೆಗಳೂ ಒಟ್ಟಿಗೆ ಕಾಣುವುದು ಕೆನಡಾದ ಒಂದು ಪ್ರಕರಣದಲ್ಲಿ. ಪೌರತ್ವದ ಪ್ರಮಾಣ ಸ್ವೀಕರಿಸುವಾಗ ಮುಖ ತೆರೆದಿರಲೇಬೇಕೆಂದು ಅಲ್ಲಿನ ಸರ್ಕಾರ 2011ರಲ್ಲಿ ನಿಯಮ ಮಾಡಿತು. ಪಾಕಿಸ್ತಾನದಿಂದ ಹೋಗಿ ನೆಲೆಸಿದ್ದ ಮಹಿಳೆಯೊಬ್ಬರು, ಗುರುತಿಗಾಗಿ ಮಹಿಳಾ ಅಧಿಕಾರಿಯ ಮುಂದೆ ಪ್ರತ್ಯೇಕವಾಗಿ ಮುಖ ತೋರಿಸುತ್ತೇನೆ, ಸಭೆಯ ಮುಂದೆ ತೋರಿಸಲಾರೆ ಎಂದು ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಗೆದ್ದರು. ಅದು ಸಾರ್ವತ್ರಿಕ ಚುನಾವಣೆಯ ಸಮಯ. ಆರ್ಥಿಕತೆ, ಆರೋಗ್ಯ, ತೆರಿಗೆಗಳ ಚರ್ಚೆಯ ನಡುವೆ ಒಬ್ಬ ಹೆಂಗಸಿನ ನಖಾಬು ವಾರಗಟ್ಟಲೆ ದೇಶದ ಪ್ರಶ್ನೆಯಾಯಿತು. ಕೊನೆಗೆ ಅಕ್ಟೋಬರ್ 9ರಂದು ಆಕೆ ಪ್ರಮಾಣ ಸ್ವೀಕರಿಸಿದರು. ಹಳೆ ದಾವಣಗೆರೆಯ ಶಾಲೆಯಲ್ಲಿ ನಾವು ಒಂದು ಹೊದಿಕೆಯಿಂದ ಮಾಡಿದ್ದ ಏರ್ಪಾಡೇ ಅಲ್ಲಿಯೂ ಪರಿಹಾರವಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಕಸಿವಿಸಿ ಹಾಗೆಯೇ ಉಳಿದಿರಬಹುದು. ಅದು ಕಾನೂನಿನಿಂದ ಹೋಗುವಂಥದ್ದಲ್ಲ, ಅದನ್ನು ನಾಚಿಕೆಗೇಡೆಂದು ನಾನು ತಿಳಿಯುವುದೂ ಇಲ್ಲ. ಎದುರಿನವರ ಮುಖ ನೋಡಿ ಮಾತಾಡುವ ಅಭ್ಯಾಸ ನಮ್ಮದು. ನಗು, ಸಿಟ್ಟು, ಒಪ್ಪಿಗೆಗಳೆಲ್ಲ ಅಲ್ಲಿಯೇ ತಿಳಿಯುವುದು. ಕಿವಿ ಮಂದವಾದವರಿಗಂತೂ ತುಟಿ ಕಾಣದಿದ್ದರೆ ಅರ್ಧ ಮಾತು ಹೋಗುತ್ತದೆ. ಮುಖ ಮುಚ್ಚುವ ಪದ್ಧತಿ ನನಗೂ ಹಿಡಿಸುವುದಿಲ್ಲ, ಅದನ್ನು ಮುಚ್ಚಿಟ್ಟುಕೊಂಡು ಬರೆಯಲಾರೆ. ಆದರೆ ನಾನು ಕಲಿಸುತ್ತಿದ್ದ ಕಾಲೇಜಿನ ಮಹಿಳಾ ಕೊಠಡಿಯ ಗೋಡೆಗೆ ಸಾಲಾಗಿ ಮೊಳೆಗಳಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ ಬುರ್ಖಾಗಳೆಲ್ಲ ಆ ಮೊಳೆಗಳಲ್ಲಿ ತೂಗುತ್ತಿದ್ದವು, ಹುಡುಗಿಯರು ತಲೆವಸ್ತ್ರದಲ್ಲಿ ತರಗತಿಗೆ ಬರುತ್ತಿದ್ದರು. ಮೂರು ವರ್ಷ ಮುಖ ನೋಡಿ ಪಾಠ ಮಾಡಿದ ಹುಡುಗಿಯೊಬ್ಬಳು ಆಮೇಲೆ ಎಂದೋ ನಖಾಬಿನಲ್ಲಿ ಸಂತೆಯಲ್ಲಿ ಸಿಕ್ಕು "ಮೇಡಂ, ನನ್ನ ಗುರ್ತು ಸಿಗ್ಲಿಲ್ವಾ?" ಎಂದಾಗ, ದನಿಯಿಂದ ಗುರುತಿಸಿ ನಿಂತು ಮಾತಾಡಿದೆ. ಆ ಬಟ್ಟೆ ನನಗೆ ಆಮೇಲೆ ಅಷ್ಟೊಂದು ಅಪರಿಚಿತವೆನಿಸಲಿಲ್ಲ. ತಮ್ಮ ಇಷ್ಟದಿಂದ ಧರಿಸುವವರನ್ನೂ ಮನೆಯ ಬಲವಂತಕ್ಕೆ ಧರಿಸುವವರನ್ನೂ ನಾನು ಬಲ್ಲೆ. ಎರಡನೆಯವರಿಗೆ ನಿಷೇಧದಿಂದ ಬಿಡುಗಡೆ ಸಿಗುವುದಿಲ್ಲ. ಅವರು ಮನೆಯಲ್ಲೇ ಉಳಿಯುತ್ತಾರೆ. ಕಾಲೇಜಿನ ಆ ಮೊಳೆಗಳವರೆಗೆ ಬಂದರೆ ತಾನೇ ತೆಗೆದು ತೂಗುಹಾಕುವುದು?

ಹಿಂದೊಮ್ಮೆ ಮುಖದ ಬದಲು ಹೆಸರೇ ಮುಸುಕಿನೊಳಗಿತ್ತು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ, ಉತ್ತರ ಭಾರತದ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲೊಪ್ಪದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ಸ್ವಂತ ಹೆಸರಿಲ್ಲದೆ ಮತವಿಲ್ಲ ಎಂದು ಗಟ್ಟಿಯಾಗಿ ನಿಂತದ್ದರಿಂದ ಸುಮಾರು 28 ಲಕ್ಷ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ಎಲ್ಲ ಧರ್ಮದವರೂ ಅವರಲ್ಲಿದ್ದರು. ಮುಂದಿನ ಚುನಾವಣೆಗಳಲ್ಲಿ ಹೆಂಗಸರು ಹೆಸರು ಹೇಳಲು ಮುಂದೆ ಬಂದರು, ಏಕೆಂದರೆ ಹೇಳಿದರೆ ಸಿಗುವುದೇನೆಂದು ಅವರಿಗೆ ತಿಳಿದಿತ್ತು.

ಇನ್ನು ದೆಹಲಿಯ ಮೇಲಿನ ನಿಮ್ಮ ಸಿಟ್ಟು. ಇದರಲ್ಲಿ ನಾನು ಪೂರ್ತಿಯಾಗಿ ನಿಮ್ಮ ಕಡೆಗಿದ್ದೇನೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಪ್ರಕಟವಾಯಿತು. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ನೀರುಣಿಸಬೇಕಾದ ಯೋಜನೆ ಅದು. ಆ ಹಣ ಕೈಸೇರಿಲ್ಲವೆಂದು ರಾಜ್ಯ ಸರ್ಕಾರ ಆಮೇಲೆ ಮತ್ತೆ ಮತ್ತೆ ದೂರಿತು, ಕೇಂದ್ರ ತನ್ನ ಕಾರಣಗಳನ್ನು ಹೇಳಿತು, ನಿಮ್ಮೂರಿನಲ್ಲಿ ರೈತರು ಧರಣಿ ಕೂತರು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ ಮಂಜೂರಾದದ್ದು 2011-12ರಲ್ಲಿ. ಅಂದಿನಿಂದ ದೆಹಲಿಯಲ್ಲಿ ಎರಡು ಬಣ್ಣದ ಸರ್ಕಾರಗಳನ್ನೂ ಅದು ಕಂಡಿದೆ.

ಸಂಸತ್ತಿನ ಬಗ್ಗೆಯೂ ನಿಮ್ಮ ಅಂದಾಜು ಸರಿಯಾಗಿದೆ. 1952ರ ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕೂಡಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಕೂಡಿದ್ದು 274 ದಿನ, ಅವಧಿ ಪೂರೈಸಿದ ಲೋಕಸಭೆಗಳಲ್ಲೇ ಅತಿ ಕಡಿಮೆ. ಆ ಐದೂ ವರ್ಷ ಉಪ ಸಭಾಧ್ಯಕ್ಷರ ಆಯ್ಕೆಯೇ ನಡೆಯಲಿಲ್ಲ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ಸದಸ್ಯರನ್ನು ಅಮಾನತು ಮಾಡಲಾಯಿತು. ಹಿಂದಿನ ಆಡಳಿತಗಳಲ್ಲಿ ವಿರೋಧ ಪಕ್ಷದವರು ಇಡೀ ಅಧಿವೇಶನಗಳನ್ನೇ ನಡೆಯಗೊಡದ ಉದಾಹರಣೆಗಳೂ ಇವೆ. 1985ರ 52ನೇ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧ ಕಾನೂನು ಆಗಾಗ ಪಕ್ಷ ಬದಲಿಸುವ ಆಯಾರಾಮರನ್ನು ತಡೆಯಲೆಂದು ಬಂದದ್ದು, ಆದರೆ ಅದರಿಂದಾಗಿ ನಿಮ್ಮ ಸಂಸದರು ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಕ್ಷೇತ್ರದ ಪರ ನಿಲ್ಲಬೇಕಾದವರ ಕೈಯನ್ನು ಹೀಗೆ ಕಟ್ಟಿಟ್ಟಿದ್ದೇವೆ. ಪಕ್ಷಗಳಿಗೆ ಹಣ ಕೊಟ್ಟವರ ಹೆಸರೇ ಮತದಾರರಿಗೆ ತಿಳಿಯದಂತೆ 2018ರಿಂದ ಚುನಾವಣಾ ಬಾಂಡುಗಳು ನಡೆದವು. 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳು ಅದನ್ನು ಅಸಾಂವಿಧಾನಿಕವೆಂದು ರದ್ದುಮಾಡಿ, ತಿಳಿಯುವುದು ಮತದಾರನ ಹಕ್ಕು ಎಂದರು.

ಎದುರಿಗಿರುವವರು ಯಾರೆಂದು ತಿಳಿಯಬೇಕೆಂಬ ನಿಮ್ಮ ಒತ್ತಾಯಕ್ಕೆ ಸಂವಿಧಾನದಲ್ಲಿ ಗಟ್ಟಿಯಾದ ಜಾಗವಿದೆ, ಆ ಜಾಗ ಇದು. ನಿಮ್ಮ ಮೇಲೆ ಅಧಿಕಾರ ನಡೆಸುವವರ ಬೆನ್ನಿಗೆ ಯಾರಿದ್ದಾರೆಂದು ಕೇಳುವ ಹಕ್ಕು ನಿಮ್ಮದು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತ ಹೆಂಗಸಿಗೆ ನಿಮ್ಮ ಮೇಲೆ ಯಾವ ಅಧಿಕಾರವೂ ಇಲ್ಲ. ಭದ್ರೆಯ ನೀರನ್ನು ಆಕೆ ತಡೆದಿಲ್ಲ. ಆಕೆಯ ಮನೆಯ ನಲ್ಲಿಯಲ್ಲೂ ನೀರು ಬರುವುದು ನಿಮ್ಮ ಮನೆಗೆ ಬಂದಷ್ಟೇ. ದೂರದ ದೆಹಲಿಗೆ ತಲುಪದ ಸಿಟ್ಟು ಕೈಗೆಟುಕುವ ಮುಸುಕಿನ ಮೇಲೆ ಇಳಿಯುವುದನ್ನು ನಾನು 2022ರಲ್ಲಿ ನಮ್ಮ ಬೀದಿಗಳಲ್ಲೇ ಕಂಡೆ, ಆ ಸಿಟ್ಟನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಹರಿಸಿಕೊಂಡ ರಾಜಕಾರಣವನ್ನೂ ಕಂಡೆ. ನಿಮ್ಮ ಪತ್ರದಲ್ಲಿ ಭದ್ರೆಗೆ ಒಂದು ವಾಕ್ಯ, ಮುಸುಕಿಗೆ ಆರು ವಾಕ್ಯ ಸಿಕ್ಕಿವೆ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ, ಒಮ್ಮೆ ಎಣಿಸಿ ನೋಡಿ ಎಂದು ಕೋರುತ್ತೇನೆ.

ಭದ್ರೆಯ ವಿಷಯದಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಲೋಕಸಭೆಯ ಪ್ರಶ್ನೋತ್ತರದಲ್ಲಿ ದಿನಕ್ಕೆ 20 ಪ್ರಶ್ನೆಗಳಿಗೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆಗೆ 15 ದಿನಗಳ ಮುಂಚೆ ಸೂಚನೆ ಕೊಡಬೇಕು. ವಿಪ್ ಇರುವುದು ಮತಕ್ಕೆ, ಪ್ರಶ್ನೆಗೆ ಅಲ್ಲ. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ನಿಮ್ಮ ಸಂಸದರಿಗೆ ಪತ್ರ ಬರೆದು, ಪ್ರಕಟಿಸಿದ 5,300 ಕೋಟಿಯಲ್ಲಿ ಬಿಡುಗಡೆಯಾದದ್ದೆಷ್ಟು, ಯಾವ ದಿನಾಂಕದಂದು, ಆಗದಿದ್ದರೆ ಯಾವ ಕಡತದ ಯಾವ ಆಕ್ಷೇಪಣೆಗೆ ನಿಂತಿದೆ ಎಂಬ ಮೂರೇ ಪ್ರಶ್ನೆಗಳನ್ನು ಕೇಳಲು ಕೋರಿ. ಅವರು ಕೇಳಿದರೋ ಇಲ್ಲವೋ ಎಂಬುದು ಸಂಸತ್ತಿನ ಜಾಲತಾಣದಲ್ಲಿ ಹೆಸರು ಸಮೇತ ಕಾಣುತ್ತದೆ. ಅದರ ಜೊತೆಗೆ 10 ರೂಪಾಯಿ ಶುಲ್ಕ ಕಟ್ಟಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದೇ ಪ್ರಶ್ನೆಗಳನ್ನು ಕೇಂದ್ರದ ಜಲಶಕ್ತಿ ಸಚಿವಾಲಯಕ್ಕೂ ಕಳುಹಿಸಿ, 30 ದಿನಗಳೊಳಗೆ ಉತ್ತರ ಕೊಡಬೇಕು. ನಿಮ್ಮ ಓಣಿಯಿಂದ ಹತ್ತು ಮಂದಿ ಹೀಗೆ ಬರೆದರೆ ಆ ಪತ್ರಗಳಿಗೆ ತೂಕ ಬರುತ್ತದೆ. ಮುಖ ಮುಚ್ಚಿಕೊಳ್ಳುವವರ ಮನೆಗಳಿಂದಲೂ ಸಹಿ ಕೇಳಿ, ನೀರಿನ ವಿಷಯದಲ್ಲಿ ಅವರು ಇಲ್ಲವೆನ್ನುವುದಿಲ್ಲ.

ಏಜೆಂಟ್ ಆಗಿ ಕೂರಲು ನೀವು ಖಂಡಿತ ಒಪ್ಪಿಕೊಳ್ಳಿ. ಸ್ಥಳೀಯ ಸಂಸ್ಥೆಯ ಚುನಾವಣೆಯಾದರೆ ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ನಿಯಮಗಳು ಬೇರೆ, ಹಾಗಾಗಿ ತರಬೇತಿಯ ದಿನವೇ ಕೇಳಿ ತಿಳಿದುಕೊಳ್ಳಿ. ವಿಧಾನಸಭೆ, ಲೋಕಸಭೆಯದಾದರೆ ಅಣಕು ಮತದಾನಕ್ಕಾಗಿ ಮತದಾನ ಶುರುವಾಗುವ ಒಂದೂವರೆ ಗಂಟೆ ಮುಂಚೆ ನಿಮ್ಮನ್ನು ಒಳಗೆ ಕರೆಯುತ್ತಾರೆ. ಯಂತ್ರದಲ್ಲಿ ಐವತ್ತು ಮತ ಹಾಕಿ ತಾಳೆ ನೋಡಿ, ಅಳಿಸಿ, ಸೀಲ್ ಮಾಡುವುದರ ನಡುವೆ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಅಧ್ಯಕ್ಷಾಧಿಕಾರಿಯ ಹತ್ತಿರ ಹೋಗಿ, ಮುಸುಕಿನಲ್ಲಿ ಬರುವ ಮಹಿಳೆಯರ ಗುರುತು ನೋಡಲು ಮರೆ ಕಟ್ಟಿಸಿದ್ದೀರಾ, ಒಳಗೆ ನಿಲ್ಲಲು ಮಹಿಳಾ ಸಿಬ್ಬಂದಿ ಇದ್ದಾರಾ ಎಂದು ಮೆಲ್ಲಗೆ ಕೇಳಿ. ಇಲ್ಲ ಎಂದರೆ, ಸಾಲು ಶುರುವಾಗುವ ಮುನ್ನವೇ ಮನೆಯಿಂದ ಒಂದು ಬೆಡ್‌ಶೀಟ್ ತರಿಸಿಕೊಡಿ.